ತಿಲಕ್ ನಗರದ ಸ್ಟಾಪಿನಲ್ಲಿ ‘ಎ ಕಾರೋ’

ಇದನ್ನು ಹೇಳಲು ಬಹಳ ಕಾಲ ಹಿಂದೇಟು ಹಾಕಿದೆ. ಅಂದೊಂದು ಬೆಳಿಗ್ಗೆ ತಿಲಕ್ ನಗರದ ಬಸ್ ಸ್ಟಾಪಿನಲ್ಲಿ ನೈಜೀರಿಯಾದ ವಿದ್ಯಾರ್ಥಿನಿಯೊಬ್ಬಳು ಹೂ ಮಾರುವ ಅಜ್ಜಿಯ ಮುಂದೆ ಮೊಣಕಾಲು ಬಗ್ಗಿಸಿ, “ಎ ಕಾರೋ” ಎಂದಳು.

ಅಜ್ಜಿ ಹೂ ಕಟ್ಟುತ್ತಲೇ, “ಎ ಕಾರೋ ಕಣವ್ವ,” ಎಂದಳು.

ನಾನು ಬೆರಗಾಗಿ ನೋಡಿದೆ.

“ಯೊರುಬಾ, ಅಂಕಲ್. ಗುಡ್ ಮಾರ್ನಿಂಗ್ ಅಂತ. ದೊಡ್ಡೋರಿಗೆ ಬಗ್ಗಿ ಹೇಳ್ಬೇಕು,” ಎಂದಳು ಹುಡುಗಿ.

“ನೀವೂ ಅನ್ನಿ ಸಾರ್, ನಾಲಿಗೆ ಏನ್ ಸವೆಯಲ್ಲ,” ಅಜ್ಜಿ ನಕ್ಕಳು.

ಅಂದೆ. ಹುಡುಗಿ ತಾಳ್ಮೆಯಿಂದ ತಿದ್ದಿದಳು. ಕ್ಷಮೆ ಕೇಳಲು ‘ಎ ಮಾ ಬಿನು’ ಎನ್ನಬೇಕೆಂದೂ ಕಲಿಸಿದಳು. ಎಂಥ ಚೆಂದದ ಮರ್ಯಾದೆ!

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ನೈಜೀರಿಯಾದ ಹುಡುಗ ಫೆಮಿಯೂ ದಿನಾ ಮೆಟ್ಟಿಲ ಬಳಿ ಬಗ್ಗಿ ‘ಎ ಕಾರೋ’ ಎನ್ನುತ್ತಿದ್ದ. ಅಣಕಿಸುತ್ತಿದ್ದಾನೆಂದುಕೊಂಡು ನಾನು ಅವನಿಂದ ಮನೆ ಖಾಲಿ ಮಾಡಿಸಿದೆ.

ಬಸ್ಸಿನಲ್ಲಿ ಕುಳಿತು ಮೆಲ್ಲಗೆ ಅಂದುಕೊಂಡೆ: ಎ ಮಾ ಬಿನು, ಫೆಮಿ.