ಬಾಗಿಲೊಳಗಿನ ಅಕ್ಷತೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಮಧ್ಯಾಹ್ನ, ಬಳ್ಳಾರಿಯ ಆಸ್ಪತ್ರೆಯಲ್ಲಿ, ಮಂಚದ ಮೇಲೆ. ಮಂಚದ ಮೇಲೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕೂಸು ಕಾರಿನಲ್ಲೇ ಹುಟ್ಟುತ್ತಿತ್ತು.

ಮಗಳು ಈರಮ್ಮನಿಗೆ ಬೇನೆ ಬಂತೆಂದು ಸಿರುಗುಪ್ಪದಿಂದ ಅಕ್ಕಿ ಸಾಹುಕಾರರ ಕಾರಿನಲ್ಲಿ ಹೊರಟೆವು. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡಿದ ಮುದಿ ಕಾರು. ದಾರಿಯುದ್ದಕ್ಕೂ ಕೆಮ್ಮಿತು, ಆದರೆ ಕೈಬಿಡಲಿಲ್ಲ. ಆಸ್ಪತ್ರೆಯ ಮುಂದೆ ನಿಂತರೆ ಹಿಂದಿನ ಬಾಗಿಲು ತೆರೆಯಲೊಲ್ಲದು! ಆಚೆ ಬದಿಯ ಬಾಗಿಲಿಗೆ ಎತ್ತಿನ ಬಂಡಿ ಗುದ್ದಿದಾಗಲೇ ಬೆಸುಗೆ ಹಾಕಿಸಿಬಿಟ್ಟಿದ್ದರು. ಕಿಟಕಿಯ ಹಿಡಿಕೆ ರಾಟೆಯಂತೆ ತಿರುಗಿತು, ಗಾಜು ಇಳಿಯಲಿಲ್ಲ. ತುಂಬು ಬಸುರಿ ಮುಂದಿನ ಸೀಟು ಹತ್ತಿ ದಾಟುವುದುಂಟೇ?

“ಅವ್ವಾ, ಇಲ್ಲೇ ಹಡೀತೀನಿ ನೋಡು!” ಎಂದು ಈರಮ್ಮ ಚೀರಿದಳು.

“ತಡಿಯವ್ವಾ, ಸಾಹುಕಾರ್ರ ಸೀಟು ಹೊಲಸಾದ್ರ ನನ್ನ ಕೊಲ್ತಾರ!” ಎನ್ನುತ್ತ ಡ್ರೈವರ್ ಖಾಜಾ ಮುಂದಿನಿಂದ ಹಿಂದಕ್ಕೆ ಜಿಗಿದ. ನಾನು ಬಾಗಿಲಿಗೇ ಕೈಮುಗಿದೆ.

ಹಿಡಿಕೆ ಕಿತ್ತು, ತಿರುಪು ಬಿಚ್ಚಿ, ಬಾಗಿಲ ಒಳಹಲಗೆ ತೆಗೆದು ಇಣುಕಿದವನೇ ನಕ್ಕ. “ಕೈ ಮುಗಿದಿದ್ದು ಸಾಕ್ರಿ ಅಮ್ಮಾ, ಅದರಿಂದ್ಲೇ ಹಿಂಗಾಗೇತಿ. ಒಳಗ ಒಂದು ಗುಡೀನ ಐತ್ರಿ!”

ಗಾಜಿನ ಸಂದಿಯಿಂದ ವರ್ಷ ವರ್ಷವೂ ಉದುರಿದ ಆಯುಧಪೂಜೆಯ ಅಕ್ಷತೆ, ಒಣಗಿದ ಚೆಂಡುಹೂ! ಬೀಗದ ತೂತಿಗೂ ಕುಂಕುಮ ಇಡದಿದ್ದರೆ ಸಾಹುಕಾರರ ತಾಯಿಗೆ ಸಮಾಧಾನವಿಲ್ಲವಂತೆ. ಅದೆಲ್ಲ ಎಣ್ಣೆಯೊಡನೆ ಸೇರಿ ಚಿಲಕದ ಸ್ಪ್ರಿಂಗಿನ ಮೇಲೆ ಕಲ್ಲಾಗಿ ಕೂತಿತ್ತು. ಖಾಜಾ ಸೀಟಿನ ಕೆಳಗಿದ್ದ ಲಾಟೀನಿನ ಸೀಮೆಎಣ್ಣೆ ಸುರಿದು, ನನ್ನ ತುರುಬಿನ ಪಿನ್ನಿನಿಂದ ಕೆರೆದ. ಸ್ಪ್ರಿಂಗು ಟಣ್ಣೆಂದಿತು. ಬಾಗಿಲು ತೆರೆಯಿತು! ಈರಮ್ಮ ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಕೂಸಿನ ಅಳು ಹೊರಗೆ ಬಂತು.

ನಾನು ಎರಡನೆಯ ಕ್ಲಾಸೂ ಮುಗಿಸಿದವಳಲ್ಲ. ಆದರೂ ಅನ್ನಿಸುತ್ತದೆ, ಪ್ರೀತಿ ಉಕ್ಕಿದರೆ ನಾವು ಎಲ್ಲದರ ಬಾಯಿಗೂ ಏನಾದರೊಂದು ತುರುಕುತ್ತೇವೆ. ದೇವರಾಗಲಿ, ಒಲೆಯಾಗಲಿ, ಕಾರಾಗಲಿ, ಪಾಪ, ಉಸಿರಾಡಬೇಡವೇ? ಕೂಸಿನ ನಾಲಿಗೆಗೆ ಹರಳೆಣ್ಣೆ ಸವರಲು ಹೋದವಳು ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಸಂಜೆ ಅಳಿಯ ಕುರುಗೋಡಿನಿಂದ ಓಡಿಬಂದ. ಇಲ್ಲೇ ಬಳ್ಳಾರಿಯಲ್ಲಿರುವ ನನ್ನ ತಂಗಿ ಹೋಳಿಗೆ ಮಾಡಿ ತಂದಳು. ಆಸ್ಪತ್ರೆಯ ಜಗಲಿಯಲ್ಲಿ ಎಲೆ ಹಾಕಿದ್ದೇ ತಡ, ಒಳಗಿನಿಂದ ಈರಮ್ಮ ಕೂಗಿದಳು: “ನನಗ ಗಂಜಿ, ನಿಮಗ ಹೋಳಿಗಿ! ಇಲ್ಲೇ ಬಂದು ತಿನ್ರಿ, ವಾಸನಿನಾದ್ರೂ ತಗೋತೀನಿ.”

ಎಲೆಗಳನ್ನೆತ್ತಿಕೊಂಡು, ಖಾಜಾನನ್ನೂ ಎಳೆದುಕೊಂಡು, ಎಲ್ಲರೂ ಅವಳ ಮಂಚದ ಸುತ್ತ ಕೂತು ಉಂಡೆವು.