ಅಂಕಲ್, ನೀವೆಲ್ಲಿ ಇಳಿಯೋದು?

ಆ ಬೆಳಿಗ್ಗೆಯೂ ಹಾಲು ಕಾಯಿಸಿ, ಯಜಮಾನರ ಡಬ್ಬಿ ಕಟ್ಟಿ, ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ತಂಗಿ ವಸಂತಿಗೆ ಕಾಫಿ ಕೊಟ್ಟೆ. ಬಿದ್ದು ಪೆಟ್ಟಾದ ಅವಳ ಮೊಣಕಾಲು ಇನ್ನೂ ಮಡಚಲು ಬರುತ್ತಿರಲಿಲ್ಲ. ಮುಂಬಯಿಯ ನಮ್ಮ ಚೆಂಬೂರಿನ ಮನೆಯಲ್ಲೇ ಇದ್ದವಳು, ಅಂದು ಮಧ್ಯಾಹ್ನದ ವಿಮಾನಕ್ಕೆ ಲಂಡನ್ನಿನಲ್ಲಿರುವ ಗಂಡನ ಬಳಿ ಹೊರಟಿದ್ದಳು.

ಸಾಂತಾಕ್ರೂಜ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ, ಕಾಲು ಚಾಚಲು ಜಾಗವಿರುವ ಮುಂದಿನ ಸಾಲು ತುಂಬಿದೆ ಎಂದುಬಿಟ್ಟರು. ಆ ಸಾಲಿನ ಕೊನೆಯ ಸೀಟು ಸಿಕ್ಕಿದ್ದು ನಮ್ಮ ಮುಂದೆಯೇ ನಿಂತಿದ್ದ ಪಾರ್ಸಿ ಅಜ್ಜನಿಗೆ. ವಸಂತಿ ಗಾಬರಿಯಲ್ಲಿ ಅವರನ್ನೇ ಹಿಂದಿಯಲ್ಲಿ ಕೇಳಿದಳು: “ಅಂಕಲ್, ನೀವೆಲ್ಲಿ ಇಳಿಯೋದು?”

ಲೋಕಲ್ ಟ್ರೇನಿನಲ್ಲಿ ಹಾಗೆ ಮೊದಲು ಕೇಳಿಟ್ಟವರಿಗೇ ಅಲ್ಲವೇ, ಎದ್ದವರ ಸೀಟು! ಸುತ್ತ ನಿಂತವರೆಲ್ಲ ನಕ್ಕರು. ಅಜ್ಜ ಮಾತ್ರ ಅವಳ ಕಾಲು ನೋಡಿದರು.

“ಲಂಡನ್ ಬರೋವರೆಗೆ ನನ್ನನ್ನು ಯಾರೂ ಇಳಿಸೋದಿಲ್ಲ ಬೇಟಿ. ಸೀಟು ಇಲ್ಲೇ ತಗೋ,” ಎಂದು ಕೌಂಟರಿನವರಿಗೆ ಹೇಳಿ ಬದಲಿಸಿಕೊಟ್ಟರು.

ಒಳಗೆ ಹೋಗುವಾಗ ತಿರುಗಿ ನೋಡುತ್ತಾಳೇನೋ ಎಂದು ನಿಂತೇ ಇದ್ದೆ. ಅವಳು ಅಜ್ಜನ ಜೊತೆ ನಗುನಗುತ್ತಾ, ಕುಂಟುತ್ತಾ ಮರೆಯಾದಳು.

ಸಂಜೆ ಗ್ಯಾಲರಿಯಲ್ಲಿ ಕುರ್ಚಿ ಹಾಗೇ ಇತ್ತು, ಅವಳು ಕಾಲಿಡುತ್ತಿದ್ದ ಸ್ಟೂಲೂ. ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ಕೇಳಿದರು: “ಇನ್ನು ಇದ್ರಲ್ಲಿ ಯಾರೂ ಕೂರೋದಿಲ್ಲ ಅಲ್ವಾ? ನಮ್ಮ ಅತ್ತೆಗೆ ತಗೊಂಡು ಹೋಗ್ಲಾ ಮಾರಾಯ್ತಿ?”