ನೇಮು ಮಾಮಾನ ಸಣ್ಣ ಪೈಪು

ಯಾವ ಪೈಪು ಕಂಡರೂ ನೇಮು ಮಾಮಾ ಅದರ ಬಾಯಿಗೆ ಹೆಬ್ಬೆರಳು ತೂರಿಸಿ ನೋಡುತ್ತಿದ್ದರು. ಬೆರಳು ಸಲೀಸಾಗಿ ಹೋದರೆ ಪೈಪು ಸಾಕು, ಸಿಕ್ಕಿಕೊಂಡರೆ ಸಾಲದು. ಅವರ ಇಂಜಿನಿಯರಿಂಗು ಅಲ್ಲಿಗೆ ಮುಗಿಯುತ್ತಿತ್ತು. ಬೆರಳು ಹೊರಗೆ ತೆಗೆದು ಧೋತರಕ್ಕೆ ಒರೆಸಿಕೊಂಡು, ‘ವಿಷಯ ಸಂಪಲಾ’ ಎಂದು ಮರಾಠಿಯಲ್ಲಿ ತೀರ್ಪು ಕೊಡುತ್ತಿದ್ದರು. ವಿಷಯ ಮುಗಿಯಿತು, ಇನ್ನು ಯಾರೂ ಬಾಯಿ ತೆರೆಯುವಂತಿಲ್ಲ.

ತಾಯಿಯ ಅಣ್ಣನಾದ್ದರಿಂದ ಅವರ ಬಗ್ಗೆ ಗೌರವದಿಂದ ಬರೆಯಬೇಕೆಂದು ಮನೆಯವರ ಆಗ್ರಹ. ‘ಅವರು’ ಎಂದೇ ಬರೆಯುತ್ತಿದ್ದೇನೆ. ನನ್ನಿಂದ ಆಗುವ ಗೌರವ ಅಷ್ಟೇ.

ಶಿರೋಳದಲ್ಲಿ ಕಬ್ಬಿನ ಹೊಲವಿದ್ದ ಮಾಮಾನಿಗೆ ಅರವತ್ತರ ದಶಕದ ಆರಂಭದಲ್ಲಿ ಇಚಲಕರಂಜಿಯ ಮಗ್ಗಗಳ ಸದ್ದು ಕಿವಿಗೆ ಬಿತ್ತು. ಅಲ್ಲೊಂದು ಸೈಜಿಂಗ್ ಕಾರಖಾನೆ ತೆರೆದರು. ಮಗ್ಗಕ್ಕೆ ಹೋಗುವ ಮುನ್ನ ನೂಲನ್ನು ಗಂಜಿಯಲ್ಲಿ ಅದ್ದಿ, ಉಗಿಯಿಂದ ಕಾದ ತಾಮ್ರದ ಸಿಲಿಂಡರುಗಳ ಮೇಲೆ ಒಣಗಿಸುವ ಕೆಲಸ ಅದು. ಬಾಯ್ಲರಿನಿಂದ ಉಗಿ ಬರುತ್ತದೆ, ಸಿಲಿಂಡರಿನೊಳಗೆ ನೀರಾಗುತ್ತದೆ. ಆ ಬಿಸಿನೀರು ಬೇರೊಂದು ಪೈಪಿನಲ್ಲಿ ಬಾಯ್ಲರಿನ ತೊಟ್ಟಿಗೆ ವಾಪಸು ಹೋಗಬೇಕು. ನಾನು ಆಗಷ್ಟೇ ಕೊಲ್ಲಾಪುರದಲ್ಲಿ ಡಿಪ್ಲೊಮಾ ಮುಗಿಸಿ ಗಡಹಿಂಗ್ಲಜಕ್ಕೆ, ನಮ್ಮ ಮನೆಗೆ ಬಂದಿದ್ದೆ. ‘ಹುಡುಗ ಕಲಿತಾನ, ನಿನ್ನ ಹತ್ರ ಇಟ್ಕೊ’ ಎಂದು ಅವ್ವ ಅಣ್ಣನಲ್ಲಿಗೆ ಕಳಿಸಿದಳು.

ಯಂತ್ರದ ಜೊತೆ ಬಂದ ನಕ್ಷೆಯಲ್ಲಿ ವಾಪಸಾಗುವ ನೀರಿಗೆ ಎರಡು ಇಂಚಿನ ಪೈಪು ಹಾಕಬೇಕೆಂದಿತ್ತು. ಮಾಮಾ ಶಿರೋಳದ ಹೊಲದ ಮನೆಗೆ ನಳ ಹಾಕಿಸಿ ಉಳಿದಿದ್ದ ಒಂದು ಇಂಚಿನ ಪೈಪುಗಳನ್ನು ಚಕ್ಕಡಿಯಲ್ಲಿ ಹೇರಿಸಿ ತಂದರು.

“ಮಾಮಾ, ಇದು ಸಣ್ಣದಾತು” ಎಂದೆ.

“ಏನ್ ಕಲ್ತು ಬಂದಿಯೋ ಅಜಿತಾ? ಉಗಿ ಹೋಗಾಕ ದೊಡ್ಡ ಪೈಪ ಬೇಕ, ಖರೆ. ಆದ್ರ ಖೋಲಿ ತುಂಬ ಉಗಿ ತಣ್ಣಗಾದ್ರ ಒಂದ ತಂಬಗಿ ನೀರ ಆಗ್ತೈತಿ. ತಂಬಗಿ ನೀರಿಗೆ ಎಷ್ಟ ದೊಡ್ಡ ಪೈಪ ಬೇಕೋ?”

“ಆ ನೀರ ಒತ್ತಡದಾಗಿಂದ ಬರ್ತೈತ್ರಿ. ಹೊರಗ ಒತ್ತಡ ಇಳಿದ ಕೂಡ್ಲೆ ಅದರಾಗ ಒಂದಿಷ್ಟು ತಿರಗಾ ಉಗಿ ಆಗ್ತೈತಿ. ಪೈಪಿನ ಅಳತಿ ಆ ಉಗಿ ನೋಡಿ ಹಿಡೀಬೇಕ್ರಿ, ನೀರ ನೋಡಿ ಅಲ್ಲ.”

“ನೀರಾಗಿದ್ದು ಮತ್ತ ಉಗಿ ಆಗ್ತೈತಂತ!” ಮಾಮಾ ಸುತ್ತ ನಿಂತವರ ಕಡೆ ತಿರುಗಿದರು. “ಮಜ್ಜಿಗಿ ಮತ್ತ ಹಾಲ ಆಗ್ತೈತೇನಲೇ?”

ಎಲ್ಲರೂ ನಕ್ಕರು. ಅವರ ಸಂಬಳ ಉಣ್ಣುವವರು ನಗದೆ ಏನು ಮಾಡಿಯಾರು? ವಿಷಯ ಸಂಪಲಾ.

ಉಗಿ ಬಿಟ್ಟ ದಿನವೇ ಪೈಪು ಬಡಿದುಕೊಳ್ಳತೊಡಗಿತು. ಒಳಗೆ ಉಗಿ ಮತ್ತು ನೀರು ಒಂದನ್ನೊಂದು ನೂಕಿ, ಗೋಡೆಯೊಳಗಿಂದ ಯಾರೋ ಸುತ್ತಿಗೆಯಿಂದ ಹೊಡೆದಂತೆ ಸಪ್ಪಳ. “ಹೊಸಾ ಸೊಸಿ ಇದ್ದಂಗ. ನಾಕ ದಿನ ಭಾಂಡಿ ಬಡೀತಾಳ, ಆಮ್ಯಾಲ ತಾನ ಸುಮ್ನಾಗ್ತಾಳ” ಎಂದರು ಮಾಮಾ. ಸುಮ್ಮನಾಗದಿದ್ದಾಗ ಕಾಯಿ ಒಡೆಸಿದರು. ನೀರು ಹಿಂದಕ್ಕೆ ನಿಂತು ಸಿಲಿಂಡರುಗಳು ಅರ್ಧ ತಣ್ಣಗಾದವು, ನೂಲು ಹಸಿಯಾಗಿಯೇ ಹೊರಬಂತು. ಬೂಸ್ಟು ಹಿಡಿದ ನೂಲನ್ನು ಮಗ್ಗದವರು ತಂದು ಬಾಗಿಲಲ್ಲಿ ಒಗೆದು ಹೋದರು. ಬೈಗುಳ ಬಿದ್ದದ್ದು ಬಸಲಿಂಗನಿಗೆ. ರಾಯಬಾಗದ ಕಡೆಯಿಂದ ಸಂಸಾರ ಕಟ್ಟಿಕೊಂಡು ಬಂದು ಆ ಯಂತ್ರ ನಡೆಸುತ್ತಿದ್ದ ಆಳು ಅವನು. “ಮೈಗಳ್ಳ, ಮಶೀನು ಜೋರ ಓಡಿಸಿ ಲಗೂ ಮನಿಗೆ ಹೋಗಾಕ ನೋಡ್ತಾನ” ಎಂದು ಮಾಮಾ ಅವನ ಹೆಂಡತಿಯ ಎದುರಿಗೇ ಅಂದರು.

ಒಂದು ಮಧ್ಯಾಹ್ನ ಪೈಪಿನ ಜೋಡಣೆ ಸಡಿಲಾಗಿ ಉಗಿ ಚಿಮ್ಮತೊಡಗಿತು. ನಾನು ಬಾಯ್ಲರಿನ ಕಡೆಗಿದ್ದೆ. ಆಗ ನಡೆದದ್ದನ್ನು ಬಸಲಿಂಗನೇ ಆಮೇಲೆ ಹೇಳಿದ.

“ಮಾಲಕ್ರ, ಉಗಿ ಬಂದ್ ಮಾಡೂಣ್ರಿ” ಎಂದನಂತೆ.

“ಬಂದ್ ಮಾಡಿದ್ರ ಗಂಜ್ಯಾಗಿನ ನೂಲು ಕೆಡ್ತೈತಿ. ಹಂಗ ಬಿಗಿ” ಎಂದು ಮಾಮಾ ಪೈಪು ಬಿಗಿಯುವ ಪಾನಾ ಅವನ ಕೈಗೆ ಕೊಟ್ಟು, ತಾವು ಮಾತ್ರ ದೂರ ಸರಿದು ನಿಂತರಂತೆ.

ಕೂಗು ಕೇಳಿ ಓಡಿಬಂದೆ. ಜೋಡಣೆ ಕಿತ್ತು ಹೋಗಿತ್ತು. ಬಸಲಿಂಗನ ಬಲಗೈ ಮೊಣಕೈವರೆಗೆ ಬೆಂದಿತ್ತು. ಸಾಂಗ್ಲಿಯ ದವಾಖಾನೆಗೆ ಸಾಗಿಸಿದೆವು. ಮರುದಿನ ಮಾಮಾ ಬಾಳೆಹಣ್ಣು ಹಿಡಿದು ಬಂದು, ಹಾಸಿಗೆಯ ಬಳಿ ನಿಂತು ಕೇಳಿದ ಮೊದಲ ಮಾತು: “ಅಲ್ಲಿ ಯಾಕ ನಿಂತಿದ್ದಿಲೇ?”

ಬಸಲಿಂಗ ಗೋಡೆಯ ಕಡೆ ಮುಖ ತಿರುಗಿಸಿದ.

ಮಾಮಾ ಶಿಖರ್ಜಿ ಯಾತ್ರೆಗೆ ಹೋದದ್ದೇ ತಡ, ಕೊಲ್ಲಾಪುರದಿಂದ ಎರಡು ಇಂಚಿನ ಪೈಪು ತರಿಸಿ, ತೊಟ್ಟಿಯ ಕಡೆಗೆ ಇಳಿಜಾರು ಕೊಟ್ಟು ಕೂಡಿಸಿದೆ. ಸಪ್ಪಳ ನಿಂತಿತು. ನೂಲು ಒಣಗಿ ಗರಿಗರಿಯಾಗಿ ಬಂತು. ಯಾತ್ರೆಯಿಂದ ಮರಳಿದ ಮಾಮಾ ಯಂತ್ರದ ಮುಂದೆ ನಿಂತು ಕಿವಿಗೊಟ್ಟರು. ಕತ್ತೆತ್ತಿ ಪೈಪಿನ ಕಡೆ ನೋಡಲೂ ಇಲ್ಲ.

“ನೋಡಿದಿ? ತಾನ ಸುಮ್ನಾಗ್ತೈತಿ ಅಂತ ಹೇಳಿದ್ನಿಲ್ಲೋ?”

ಟ್ರಂಕು ತೆಗೆದುಕೊಂಡು ಗಡಹಿಂಗ್ಲಜದ ಮೋಟಾರು ಹತ್ತಿದೆ.

ಕೆಲವು ವರ್ಷಗಳ ನಂತರ, ಮಾಮಾ ಕೊಲ್ಲಾಪುರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಅವ್ವನ ಒತ್ತಾಯಕ್ಕೆ ನೋಡಲು ಹೋದೆ. ಮೈ ಇಳಿದಿತ್ತು, ದನಿ ಇಳಿದಿರಲಿಲ್ಲ. ಡಾಕ್ಟರಿಗೆ ಏನೂ ತಿಳಿಯುವುದಿಲ್ಲವೆಂದು ಬಹಳ ಹೊತ್ತು ವಿವರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು.

“ಆ ಬಸ್ಯಾನ ಕೈ ಹೆಂಗೈತಿ?”

“ಬೆರಳು ಮಡಚಾಕ ಬರಂಗಿಲ್ರಿ.”

“ನಾ ಹೇಳಿದ್ನಿ ಅವಗ, ಅಲ್ಲಿ ನಿಲ್ಲಬ್ಯಾಡ ಅಂತ.”

ಸಾಯುವ ಹೊತ್ತಿನಲ್ಲೂ ಸುಳ್ಳು! ಎದ್ದು ಹೊರಟುಬಿಟ್ಟೆ. ಮಾಮಿ ಬಾಗಿಲವರೆಗೆ ಬಂದಳು.

“ಸಿಟ್ಟಾಗಬ್ಯಾಡಪ್ಪಾ. ಅಲ್ಲಿ ನಿಲ್ಲಬ್ಯಾಡ ಅಂತ ಅವರು ಖರೇನ ಹೇಳ್ತಾರ. ದಿನಾ ನಿದ್ದಿಯೊಳಗ ಒದರ್ತಾರ, ‘ಬಸ್ಯಾ, ದೂರ ಸರಿಯೋ, ಸರಿ’ ಅಂತ. ಮಗ್ಗಲಾಗ ನಾ ಮಲಗೂದಿಲ್ಲೇನು?”

ಅದೇ ತಿಂಗಳು ಮಾಮಾ ತೀರಿಕೊಂಡರು. ಶಿರೋಳದಲ್ಲಿ ಅಂತ್ಯಕ್ರಿಯೆ ಮುಗಿಸಿ ಬರುವಾಗ ಇಚಲಕರಂಜಿಯಲ್ಲಿ ಇಳಿದೆ. ಬಸಲಿಂಗ ಅಲ್ಲೊಂದು ಚಹಾದಂಗಡಿ ಇಟ್ಟುಕೊಂಡಿದ್ದ. ಸಾವಿನ ಸುದ್ದಿ ಹೇಳಿದೆ, ಮಾಮಿ ಅಂದದ್ದನ್ನೂ ಹೇಳಿದೆ. ಅವನು ಎಡಗೈಯಿಂದ ಚಹಾ ಸೋಸುತ್ತಿದ್ದ. ಸೋಸಿ ಮುಗಿಸಿ ಕಪ್ಪು ನನ್ನ ಮುಂದಿಟ್ಟ.

“ಆವತ್ತ ಅಂದಿದ್ರ ಸರೀತಿದ್ನಿರಿ” ಎಂದ.